ಕಲಿಸದ ತಿಂಗಳ ಫೀಸು ನಮ್ಮದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕರಾಟೆ ತರಗತಿಗೆ ಇಡೀ ವರ್ಷದ ಫೀಸು ಕಟ್ಟಿದ್ದ ತಾಯಿಯೊಬ್ಬರು, ಮಗನ ಕಾಲು ಮುರಿದ ಮೇಲೆ ಉಳಿದ ತಿಂಗಳುಗಳ ಹಣ ಕೇಳಲು ಹೋದರೆ ರಸೀದಿಯ ಅಡಿಯಲ್ಲಿದ್ದ ‘ಒಮ್ಮೆ ಕಟ್ಟಿದ ಹಣ ವಾಪಸ್ ಇಲ್ಲ’ ಎಂಬ ಸಾಲು ತೋರಿಸಿ ಕಳುಹಿಸಿದರೆಂದು ನಿಮ್ಮ ಓದುಗರ ಅಂಕಣದಲ್ಲಿ ನೊಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ತರಬೇತುದಾರರೊಬ್ಬರು, ಕೇಳಿದವರಿಗೆಲ್ಲ ಫೀಸು ಹಿಂದಕ್ಕೆ ಕೊಡುತ್ತ ಕೂತರೆ ಸಭಾಂಗಣದ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಿದ್ದರು. ಎರಡೂ ಪತ್ರ ಓದಿದೆ. ತಾಯಿಯ ಮಾತು ನ್ಯಾಯ. ತರಬೇತುದಾರರ ಕಷ್ಟವೂ ಸುಳ್ಳಲ್ಲ. ಆದರೆ ಆ ಕಷ್ಟಕ್ಕೆ ತಾಯಿಯ ಹಣ ಇಟ್ಟುಕೊಳ್ಳುವುದು ಪರಿಹಾರವಲ್ಲ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಗೋಣಿಕೊಪ್ಪಲಿನಲ್ಲಿ ನಡೆಯುವ ಒಂದು ಕರಾಟೆ ತರಗತಿಯ ಲೆಕ್ಕಪತ್ರ ನೋಡಿಕೊಳ್ಳುವವಳು. ಕಲಿಸುವವರು ನಮ್ಮ ಯಜಮಾನರು. ಅರ್ಜಿ ತುಂಬಿಸಿಕೊಳ್ಳುವುದು, ಫೀಸು ತೆಗೆದುಕೊಳ್ಳುವುದು, ರಸೀದಿ ಹರಿಯುವುದು, ಬಿಟ್ಟು ಹೋಗುವವರ ಲೆಕ್ಕ ಮುಗಿಸುವುದು ನನ್ನ ಕೆಲಸ. ಅದಕ್ಕೆ ಮೊದಲು ಸಹಕಾರ ಸಂಘದಲ್ಲಿ ಗುಮಾಸ್ತಳಾಗಿದ್ದೆ. ಅಲ್ಲಿ ಹಿರಿಯ ಕಾರ್ಯದರ್ಶಿಯೊಬ್ಬರು ಹೊಸಬರಿಗೆಲ್ಲ ಮೊದಲು ಹೇಳಿಕೊಡುತ್ತಿದ್ದದ್ದು ಇಷ್ಟೇ: ಕೌಂಟರಿಗೆ ಬಂದ ಹಣವೆಲ್ಲ ಸಂಘದ ಆದಾಯವಲ್ಲ. ಠೇವಣಿ ಬಂದರೆ ಅದು ಸಂಘ ಕೊಡಬೇಕಾದ ಬಾಕಿ, ಮುಂಗಡ ಬಂದರೆ ಅದೂ ಬಾಕಿ.

ಜೂನ್‌ನಲ್ಲಿ ಕಟ್ಟಿದ ವರ್ಷದ ಫೀಸಿಗೂ ಇದೇ ಲೆಕ್ಕ. ಜೂನ್ ತಿಂಗಳ ಪಾಠ ಮುಗಿದಾಗ ಜೂನ್ ತಿಂಗಳದ್ದು ನಮ್ಮದಾಯಿತು. ಮಾರ್ಚಿ ತಿಂಗಳದ್ದು ಮಾರ್ಚಿಯವರೆಗೂ ಆ ಮಗುವಿನ ಮನೆಯವರದ್ದೇ. ನಮ್ಮನ್ನು ನಂಬಿ ನಮ್ಮ ಕೈಯಲ್ಲಿ ಇಟ್ಟಿದ್ದಾರೆ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಯ್ಲಿಗೆ ಮುಂಚೆ ವ್ಯಾಪಾರಿಯಿಂದ ಮುಂಗಡ ತಂದವರು ಕಾಫಿ ತೂಗಿ ಕೊಡುವ ತನಕ ಅದನ್ನು ತಮ್ಮ ತಲೆಯ ಮೇಲಿನ ಸಾಲ ಎಂದೇ ಎಣಿಸುತ್ತಾರೆ.

ಹಣ ಹಿಂದಿರುಗಿಸದ ತರಗತಿಗಳೆಲ್ಲ ದುರಾಸೆಯಿಂದ ಹಾಗೆ ಮಾಡುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಬಹಳ ಕಡೆ ಕೇಳುವ ಹೊತ್ತಿಗೆ ಹಣವೇ ಇರುವುದಿಲ್ಲ, ಅದಕ್ಕೆ ಇಲ್ಲ ಅನ್ನುತ್ತಾರೆ. ಜೂನ್ ಬಂತೆಂದರೆ ಮಕ್ಕಳು ಸಾಲುಗಟ್ಟಿ ಸೇರುತ್ತಾರೆ, ಪೆಟ್ಟಿಗೆ ತುಂಬುತ್ತದೆ. ಅದೇ ತಿಂಗಳು ಸಭಾಂಗಣಕ್ಕೆ ಮುಂಗಡ, ಹೊಸ ಮ್ಯಾಟ್, ಹರಿದ ಪಂಚಿಂಗ್ ಪ್ಯಾಡಿಗೆ ಬದಲಿ, ಸಹಾಯಕ ಹುಡುಗನ ಸಂಬಳ, ಮನೆಯ ಮಕ್ಕಳ ಶಾಲೆ ಫೀಸು, ಎಲ್ಲವೂ ಆ ಪೆಟ್ಟಿಗೆಯಿಂದಲೇ ಹೋಗುತ್ತವೆ. ಆಗಸ್ಟ್‌ನಲ್ಲಿ ಒಬ್ಬರು ಬಂದು ಉಳಿದ ಹಣ ಕೇಳಿದರೆ ಎಲ್ಲಿಂದ ತರುವುದು? ಆಗ ರಸೀದಿಯ ಕೆಳಗಿನ ಆ ಒಂದು ಸಾಲು ನೆನಪಿಗೆ ಬರುತ್ತದೆ. ವಾಪಸ್ ಕೊಡುವ ಮನಸ್ಸಿದ್ದವರೂ ಕೊಡಲಾಗದೆ ಊರಿನವರ ಬಾಯಿಗೆ ಬೀಳುತ್ತಾರೆ.

ನಮ್ಮಲ್ಲಿ ಮಾಡಿಕೊಂಡಿರುವ ಕ್ರಮ ಹೇಳುತ್ತೇನೆ. ತಿಂಗಳಿಗೆ 600 ರೂಪಾಯಿ ಫೀಸು. ವರ್ಷದ್ದು ಒಟ್ಟಿಗೆ ಕಟ್ಟಿದರೆ 6,000. ಅಂದರೆ ಎರಡು ತಿಂಗಳದ್ದು ಬಿಟ್ಟ ಹಾಗೆ. ಒಟ್ಟಿಗೆ ಕಟ್ಟಿ ಎಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇಲ್ಲಿ ತೋಟದವರಿಗೆ ಹಣ ಬರುವುದು ಕಾಫಿ ಮಾರಿದಾಗ. ಕೈಯಲ್ಲಿ ಇದ್ದಾಗಲೇ ವರ್ಷದ್ದನ್ನು ಕಟ್ಟಿಬಿಡುತ್ತೇವೆ ಅನ್ನುವವರು ಇದ್ದಾರೆ. ಹಾಗೆ ಬಂದ ಹಣ ಸೀದಾ ಬ್ಯಾಂಕಿನ ಬೇರೊಂದು ಉಳಿತಾಯ ಖಾತೆಗೆ ಹೋಗುತ್ತದೆ. ಪ್ರತಿ ತಿಂಗಳು ಪಾಠ ನಡೆದ ಮೇಲೆ ಆ ಖಾತೆಯಿಂದ ಒಂದು ಮಗುವಿನ ಲೆಕ್ಕದಲ್ಲಿ 500 ರೂಪಾಯಿ ಮಾತ್ರ ತರಗತಿಯ ಖರ್ಚಿನ ಖಾತೆಗೆ ಇಳಿಸುತ್ತೇನೆ. ನಾಲ್ಕು ತಿಂಗಳ ನಂತರ ಮಗು ಬಿಟ್ಟರೆ ಆ ಖಾತೆಯಲ್ಲಿ ಅದರ ಹೆಸರಿಗೆ 4,000 ಇರುತ್ತದೆ. ಕಲಿತ ನಾಲ್ಕು ತಿಂಗಳಿಗೆ ತಿಂಗಳ ದರದಲ್ಲೇ 2,400 ಹಿಡಿದು 3,600 ಕೊಡುತ್ತೇನೆ. ರಿಯಾಯಿತಿ ಕೊಟ್ಟದ್ದು ವರ್ಷಪೂರ್ತಿ ಬರುತ್ತಾರೆಂದು, ಆದ್ದರಿಂದ ಲೆಕ್ಕ ಹಾಕುವುದು ತಿಂಗಳ ದರದಲ್ಲಿ. ಹತ್ತು ತಿಂಗಳು ಬಂದ ಮೇಲೆ ಬಿಟ್ಟವರಿಗೆ ಕೊಡಬೇಕಾದ್ದು ಏನೂ ಉಳಿಯುವುದಿಲ್ಲ. ಇದನ್ನು ಸೇರುವ ದಿನವೇ ಹೇಳಿರುತ್ತೇವೆ. ಹಾಗಾಗಿ ಯಾರೂ ಜಗಳಕ್ಕೆ ಬರುವುದಿಲ್ಲ, ನನಗೂ ಪೆಟ್ಟಿಗೆ ತಡಕಾಡುವ ಗತಿ ಬರುವುದಿಲ್ಲ.

ಇನ್ನೊಂದು ಮಾತೂ ಅರ್ಜಿಯಲ್ಲಿದೆ. ಬಿಡುತ್ತೇವೆ ಎಂದು ತಿಳಿಸಿದ ತಿಂಗಳು ನಮ್ಮದು, ಮುಂದಿನ ತಿಂಗಳುಗಳು ನಿಮ್ಮವು. ಹತ್ತನೇ ತಾರೀಖು ಹೇಳಿದರೂ ಇಪ್ಪತ್ತೈದಕ್ಕೆ ಹೇಳಿದರೂ ಆ ತಿಂಗಳನ್ನು ದಿನಲೆಕ್ಕದಲ್ಲಿ ತುಂಡು ಮಾಡುವುದಿಲ್ಲ. ಮಗುವಿಗಾಗಿ ಇಟ್ಟ ಜಾಗ, ಕಟ್ಟಿದ ಬಾಡಿಗೆ ಅಷ್ಟಕ್ಕೆ ಸರಿಹೋಯಿತು. ಸಭಾಂಗಣದ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಿದ ತರಬೇತುದಾರರಿಗೆ ನನ್ನ ಉತ್ತರ ಇದೇ. ಒಂದು ತಿಂಗಳ ನಷ್ಟಕ್ಕೆ ಒಂದು ತಿಂಗಳು ಹಿಡಿಯಿರಿ, ಎಂಟು ತಿಂಗಳು ಹಿಡಿಯಬೇಡಿ. ಹೊಸದಾಗಿ ಸೇರಿದ ಮಗುವಿಗೆ ಮೊದಲ ಎರಡು ವಾರ ಹಾಗೇ ಬಂದು ನೋಡಲು ಬಿಡಿ. ಗಟ್ಟಿಯಾಗಿ ಕೂಗುವುದು, ಸಾಲಾಗಿ ನಿಂತು ಪಂಚ್ ಹೊಡೆಯುವುದು ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಅದು ಮೊದಲ ವಾರದಲ್ಲೇ ಮುಖದಲ್ಲಿ ಕಾಣುತ್ತದೆ. ಅಂಥ ಮಗುವಿನ ಫೀಸು ಹಿಡಿದುಕೊಂಡು ಏನು ಸಾಧಿಸುತ್ತೇವೆ?

ಅರ್ಜಿಯಲ್ಲಿ ಇದೆಲ್ಲ ಎಲ್ಲಿ ಬರೆದಿದೆ ಎನ್ನುವುದೂ ಮುಖ್ಯ. ರಸೀದಿ ಕೈಗೆ ಬರುವುದು ಹಣ ಕೊಟ್ಟ ಮೇಲೆ. ಷರತ್ತನ್ನು ರಸೀದಿಯ ಅಡಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಹಾಕಿದರೆ ಅದು ತಿಳಿಸಿದಂತೆ ಆಗುವುದಿಲ್ಲ. ನಮ್ಮ ಅರ್ಜಿಯ ಮೇಲ್ಭಾಗದಲ್ಲೇ, ಮಗುವಿನ ಹೆಸರು ಬರೆಯುವ ಜಾಗಕ್ಕೂ ಮೊದಲು, ಬಿಟ್ಟರೆ ಎಷ್ಟು ಹಣ ವಾಪಸ್, ಎಷ್ಟು ದಿನದಲ್ಲಿ, ಯಾವುದು ವಾಪಸ್ ಇಲ್ಲ ಎಂದು ದಪ್ಪಕ್ಷರದಲ್ಲಿ ಇದೆ. ದಕ್ಷಿಣ ಕೊಡಗಿನಲ್ಲಿ ನಮ್ಮಲ್ಲಿಗೆ ಬರುವವರಲ್ಲಿ ಕನ್ನಡ ಓದುವವರಿದ್ದಾರೆ, ಕೊಡವ ತಕ್ಕ್ ಆಡುವವರಿದ್ದಾರೆ, ಮಲಯಾಳ, ತಮಿಳು ಮಾತ್ರ ಬರುವವರೂ ಇದ್ದಾರೆ. ಓದಲು ಬಾರದವರಿಗೆ ಅವರ ಮಾತಿನಲ್ಲೇ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತೇನೆ. ಎರಡು ಪ್ರತಿ ಮಾಡಿ ಒಂದನ್ನು ಅವರಿಗೇ ಕೊಡುತ್ತೇನೆ.

ಯಾಕಿಷ್ಟು ಹೇಳುತ್ತೇನೆಂದರೆ, ಹಣ ವಾಪಸ್ ಕೇಳಲು ಬರುವವರು ಬಹುಪಾಲು ಅನುಕೂಲಸ್ಥರು. ನಿಜವಾಗಿ ಆ ಹಣ ಬೇಕಾಗಿರುವವರು ಕೇಳುವುದೇ ಇಲ್ಲ. ಒಂದು ಸಂತೆ ದಿನ ಮಧ್ಯಾಹ್ನ ತೋಟದ ಕೂಲಿಯವರು ಇರುವ ಲೈನ್‌ಮನೆಯ ಹೆಂಗಸೊಬ್ಬರು ಬಂದು ಬಾಗಿಲಲ್ಲೇ ನಿಂತರು. ಕೈಯಲ್ಲಿ ತರಕಾರಿ ಚೀಲ, ಮಗ ಹಿಂದೆ. ಕುಯ್ಲು ಮುಗಿದಿದೆ, ಬೇರೆ ತೋಟಕ್ಕೆ ಹೋಗುತ್ತಿದ್ದೇವೆ, ಮಗನ ಹಳದಿ ಬೆಲ್ಟಿನ ಸರ್ಟಿಫಿಕೇಟ್ ಕೊಟ್ಟರೆ ಅಲ್ಲಿ ಯಾರಾದರೂ ಕಲಿಸುವವರಿದ್ದರೆ ತೋರಿಸಬಹುದು ಎಂದರು. ಕೂರಿಸಿ, ಸರ್ಟಿಫಿಕೇಟ್ ತೆಗೆದು, ಲೆಕ್ಕದ ಪುಸ್ತಕ ಬಿಚ್ಚಿದೆ. ‘ಅಕ್ಕಾ, ನಿಮ್ಮದು ಸ್ವಲ್ಪ ಹಣ ಇದೆ’ ಎಂದೆ. ಆಕೆಯ ಮುಖ ಸಪ್ಪಗಾಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಚಿಕ್ಕ ಪರ್ಸು ತೆಗೆದು, ಜಿಪ್ ಎಳೆದು, ‘ಎಷ್ಟು ಬಾಕಿ ಮೇಡಂ?’ ಎಂದು ಕೇಳಿದರು. ತಾವು ಕೊಡಬೇಕಾದ್ದು ಇದೆ ಎಂದೇ ತಿಳಿದಿದ್ದರು. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದ್ದರು, ಅದರಲ್ಲಿ ಎರಡು ತಿಂಗಳದ್ದು ಉಳಿದಿತ್ತು. ಪುಸ್ತಕ ಅವರ ಕಡೆ ತಿರುಗಿಸಿ, ಮಗನ ಹೆಸರಿನ ಮೇಲೆ ಬೆರಳಿಟ್ಟು, ಇದು ನೀವು ನಮಗೆ ಕೊಡಬೇಕಾದ್ದಲ್ಲ, ನಾವು ನಿಮಗೆ ಕೊಡಬೇಕಾದ್ದು ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಹುಡುಗನೇ ಓದಿ ಅಮ್ಮನಿಗೆ ಹೇಳಿದ ಮೇಲೆ ವೋಚರಿಗೆ ಸಹಿ ಹಾಕಿ ತೆಗೆದುಕೊಂಡರು.

ಅಂಥವರಿಗೆ ‘ಕೇಳಿದರೆ ಕೊಡುತ್ತೇವೆ’ ಎಂಬ ನಿಯಮದಿಂದ ಉಪಯೋಗವಿಲ್ಲ. ಮಗು ಬಿಟ್ಟಿತೆಂದು ತಿಳಿದ ಕೂಡಲೇ ಲೆಕ್ಕ ಮಾಡಿ ಕರೆದು ಕೊಡಬೇಕು. ವಾರದ ಬಟವಾಡೆಯಲ್ಲಿ ಬದುಕುವ ಮನೆಯಿಂದ ವರ್ಷದ ಫೀಸನ್ನು ಒಟ್ಟಿಗೆ ತೆಗೆದುಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳು ತಿಂಗಳು ತೆಗೆದುಕೊಳ್ಳಿ.

ಬಿಡುವುದಕ್ಕೆ ಕಾರಣ ನೂರೆಂಟು ಇರುತ್ತದೆ. ಕೊಡಗಿನಲ್ಲಿ ಸೈನ್ಯದ ಮನೆಗಳು ಎಷ್ಟಿವೆ ಎಂದು ಹೇಳಬೇಕಾಗಿಲ್ಲ. ತಂದೆಗೆ ವರ್ಗವಾದರೆ ಶಾಲೆಯ ವರ್ಷದ ಮಧ್ಯದಲ್ಲೇ ಮಕ್ಕಳು ಹೊರಡುತ್ತಾರೆ. ಸೈಕಲಿನಿಂದ ಬಿದ್ದು ಕೈ ಮುರಿದುಕೊಳ್ಳುವವರಿದ್ದಾರೆ. ಪ್ಲಾಸ್ಟರ್ ಹಾಕಿಕೊಂಡು ಎದುರಿಗೆ ನಿಂತ ಮಗುವಿನ ತಾಯಿಯ ಹತ್ತಿರ ಡಾಕ್ಟರ ಸರ್ಟಿಫಿಕೇಟ್ ತನ್ನಿ ಎನ್ನುವುದು ಮನುಷ್ಯತ್ವವಲ್ಲ. ಅಂಥವರಿಗೆ ಎರಡು ದಾರಿ ಹೇಳುತ್ತೇನೆ: ಮೂಳೆ ಕೂಡುವ ತನಕ ಫೀಸನ್ನು ನಿಲ್ಲಿಸಿ ಇಡುತ್ತೇವೆ, ಬಂದ ದಿನದಿಂದ ಮತ್ತೆ ಎಣಿಸುತ್ತೇವೆ, ಬೇಡ ಎಂದರೆ ಹಣ ತೆಗೆದುಕೊಳ್ಳಿ. ಆರಿಸಿಕೊಳ್ಳುವುದು ಮನೆಯವರು, ನಾವಲ್ಲ. ಫೀಸು ಮುಂದಕ್ಕೆ ಹೊಂದಿಸುತ್ತೇವೆ ಎಂದು ಹೇಳಿ ಹಣ ಕೊಡದೆ ತಪ್ಪಿಸಿಕೊಳ್ಳುವ ರೂಢಿ ಅಲ್ಲಲ್ಲಿ ಇದೆ, ಅದು ಸರಿಯಲ್ಲ. ಮಗುವಿಗೆ ಪೆಟ್ಟಾದದ್ದು ನಮ್ಮ ತರಗತಿಯಲ್ಲೇ ಆದರೆ ಆ ತಿಂಗಳದ್ದನ್ನೂ ಹಿಡಿಯುವುದಿಲ್ಲ.

ಬದಲಾವಣೆ ನಮ್ಮಿಂದಲೇ ಆದಾಗ ಲೆಕ್ಕ ಬೇರೆ. ಸಂಜೆ ನಾಲ್ಕೂವರೆಗಿದ್ದ ತರಗತಿಯನ್ನು ಆರು ಗಂಟೆಗೆ ಹಾಕಿದೆವು ಎಂದಿಟ್ಟುಕೊಳ್ಳಿ. ಪೇಟೆಯ ಮಕ್ಕಳಿಗೆ ಅದರಿಂದ ಏನೂ ತೊಂದರೆಯಿಲ್ಲ. ತಿತಿಮತಿ ಕಡೆಯ ಮಗು ಪಾಠ ಮುಗಿಸಿ ಹೊರಡುವಾಗ ಕತ್ತಲೆ, ರಸ್ತೆಯಲ್ಲಿ ಆನೆ. ಯಾವ ತಂದೆ ತಾಯಿ ಕಳುಹಿಸುತ್ತಾರೆ? ಹೀಗಾದಾಗ ತಿಳಿಸಿದ ತಿಂಗಳು, ರಿಯಾಯಿತಿಯ ಲೆಕ್ಕ ಯಾವುದನ್ನೂ ಹಿಡಿಯದೆ, ಕಟ್ಟಿದ ದರದಲ್ಲೇ ಉಳಿದ ತಿಂಗಳ ಹಣ ಕೊಡಬೇಕು. ಮಾಸ್ಟರ್ ಊರು ಬಿಟ್ಟರೆ, ತರಗತಿ ಬೇರೆ ಊರಿಗೆ ಹೋದರೆ, ವಾರಕ್ಕೆ ಮೂರು ದಿನ ಎಂದು ಹೇಳಿ ಎರಡು ದಿನ ಮಾಡಿದರೆ, ಆಗಲೂ ಹಾಗೆಯೇ.

ಮಳೆಯದ್ದು ಮಾತ್ರ ಸ್ವಲ್ಪ ಕಷ್ಟದ ವಿಷಯ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ದಿನ ನಾವೂ ತರಗತಿ ನಡೆಸುವುದಿಲ್ಲ. ಬಿರುನಾಣಿ, ಶ್ರೀಮಂಗಲ ಕಡೆ ಮರ ಬಿದ್ದು ಬಸ್ ನಿಂತರೆ ಮಕ್ಕಳು ಬರುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೂ ನಡೆಯದ ಪಾಠಕ್ಕೆ ಹಣ ತೆಗೆದುಕೊಂಡ ಹಾಗಾಗಬಾರದು. ದಸರಾ ರಜೆಯಲ್ಲಿ ಹೆಚ್ಚಿನ ತರಗತಿ ಮಾಡಿ ಸರಿದೂಗಿಸುತ್ತೇವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಬೆಟ್ಟ ಕುಸಿದು ಸಭಾಂಗಣಗಳು, ಶಾಲೆಗಳು ಪರಿಹಾರ ಕೇಂದ್ರಗಳಾದವು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂತು. ಲಾಕ್‌ಡೌನಿನಲ್ಲಿ ತರಗತಿ ನಿಂತಾಗ ನಾನು ಪುಸ್ತಕ ಹಿಡಿದು ಮುಂಗಡ ಇದ್ದ ಒಂದೊಂದು ಮನೆಗೂ ಫೋನು ಮಾಡಿದೆ. ‘ಇರಲಿ ಬಿಡಿ, ನಿಮಗೂ ಕಷ್ಟ’ ಎಂದವರು ಅನೇಕರು. ತೆಗೆದುಕೊಂಡವರೂ ಇದ್ದರು. ಬಿಟ್ಟುಕೊಡುವ ಔದಾರ್ಯ ಅವರದ್ದು. ಕೇಳದೆ ಇಟ್ಟುಕೊಳ್ಳುವ ಅಧಿಕಾರ ನಮಗಿರಲಿಲ್ಲ.

ವಾಪಸ್ ಕೊಡಲಾಗದ್ದೂ ಇದೆ, ಅದನ್ನೂ ಪೋಷಕರು ಅರ್ಥ ಮಾಡಿಕೊಳ್ಳಬೇಕು. ಬೆಲ್ಟ್ ಪರೀಕ್ಷೆಯ ಫೀಸಿನಲ್ಲಿ ಒಂದು ಪಾಲು ಸಂಸ್ಥೆಗೆ, ಪರೀಕ್ಷಕರಿಗೆ ಹೋಗುತ್ತದೆ. ಹೆಸರು ಕಳುಹಿಸುವ ಮೊದಲು ಬೇಡವೆಂದರೆ ಪೂರ್ತಿ ಕೊಡುತ್ತೇವೆ. ಪರೀಕ್ಷೆ ಮುಗಿದ ಮೇಲೆ ಇಲ್ಲ. ಮಗ ಪಾಸಾಗಲಿಲ್ಲ, ಹಣ ಕೊಡಿ ಎಂದು ಬಂದವರೂ ಇದ್ದಾರೆ. ಅವರನ್ನು ಕೂರಿಸಿಕೊಂಡು, ಮಗುವಿನ ಕತಾದಲ್ಲಿ, ಅಂದರೆ ಕ್ರಮವಾಗಿ ಮಾಡಿ ತೋರಿಸುವ ಚಲನೆಗಳ ಸರಣಿಯಲ್ಲಿ, ಎಲ್ಲಿ ಕಾಲು ತಪ್ಪಿತು, ಎಲ್ಲಿ ನಿಲುವು ಸಡಿಲವಾಯಿತು ಎಂದು ಯಜಮಾನರು ತೋರಿಸಿ ಹೇಳುತ್ತಾರೆ. ಪರೀಕ್ಷೆಯ ಫೀಸು ಪರೀಕ್ಷೆ ಮಾಡಿದ್ದಕ್ಕೆ, ಬೆಲ್ಟಿಗೆ ಅಲ್ಲ. ಹಣ ವಾಪಸ್ ಕೊಡುವ ಭಯಕ್ಕೆ ಬಾರದ ಮಗುವಿಗೂ ಬೆಲ್ಟ್ ಕಟ್ಟಿ ಕಳುಹಿಸಿದರೆ ಆ ಮಗುವಿಗೇ ಮೋಸ. ನಾಳೆ ಟೂರ್ನಮೆಂಟಿನಲ್ಲಿ ತನ್ನ ಬಣ್ಣದ ಬೆಲ್ಟಿನವರ ಎದುರು ನಿಂತು ಪೆಟ್ಟು ತಿನ್ನುವುದು ಅದೇ. ಇದೇ ಕಾರಣಕ್ಕೆ, ಇಷ್ಟು ವರ್ಷಕ್ಕೆ ಇಷ್ಟು ಸಾವಿರ ಮೊದಲೇ ಕಟ್ಟಿದರೆ ಬ್ಲ್ಯಾಕ್ ಬೆಲ್ಟ್ ಖಾತ್ರಿ ಎನ್ನುವ ಪ್ಯಾಕೇಜುಗಳನ್ನು ನಾನು ಒಪ್ಪುವುದಿಲ್ಲ. ಬ್ಲ್ಯಾಕ್ ಬೆಲ್ಟನ್ನು ಮುಂಗಡ ತೆಗೆದುಕೊಂಡು ಮಾರಲು ಬರುವುದಿಲ್ಲ. ಮಧ್ಯದಲ್ಲಿ ಬಿಟ್ಟವರಿಗೆ ಅಲ್ಲೇ ದೊಡ್ಡ ಮೊತ್ತ ಸಿಕ್ಕಿಹಾಕಿಕೊಳ್ಳುವುದು.

ಬಿಳಿ ಡ್ರೆಸ್ ಕವರ್ ಬಿಚ್ಚದೆ ಇದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ, ಅಳತೆ ಸರಿಯಿಲ್ಲದಿದ್ದರೆ ಬದಲಾಯಿಸುತ್ತೇವೆ, ಒಗೆದದ್ದನ್ನು ಇಲ್ಲ. ಸೇರುವಾಗ ತೆಗೆದುಕೊಳ್ಳುವ 300 ರೂಪಾಯಿ ಪ್ರವೇಶ ಶುಲ್ಕ ವಾಪಸ್ ಇಲ್ಲ. ಇಷ್ಟೂ ಅರ್ಜಿಯಲ್ಲಿ ಇದೆ.

ಹಣವನ್ನು ಯಾರ ಕೈಗೆ ಕೊಡಬೇಕು ಎನ್ನುವುದು ಹೊರಗಿನವರಿಗೆ ಸಣ್ಣ ವಿಷಯವಾಗಿ ಕಾಣಬಹುದು. ಅಜ್ಜ ಕಟ್ಟಿರುತ್ತಾರೆ, ಕೇಳಲು ಬರುವುದು ಅಪ್ಪ. ಗಂಡ ಹೆಂಡತಿ ಬೇರೆ ಬೇರೆ ಇರುವ ಮನೆಗಳಿರುತ್ತವೆ; ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಮಗುವಿನ ಎದುರೇ ಜಗಳ ಏಳುತ್ತದೆ. ಹಣ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಹೋಗಬೇಕು ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಫೋನ್‌ಪೇಯಲ್ಲಿ ಬಂದದ್ದು ಅದೇ ನಂಬರಿಗೆ, ನಗದು ಕಟ್ಟಿದ್ದರೆ ರಸೀದಿಯಲ್ಲಿ ಹೆಸರಿರುವವರಿಗೆ. ಪ್ರತಿಯೊಂದಕ್ಕೂ ವೋಚರ್, 5,000 ರೂಪಾಯಿಗಿಂತ ಹೆಚ್ಚಿದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ. ತಿಳಿಸಿದ ಹತ್ತು ದಿನದೊಳಗೆ ಲೆಕ್ಕ ಮುಗಿಯಬೇಕು. ‘ಮುಂದಿನ ವಾರ ಬನ್ನಿ’ ಎಂದು ಒಬ್ಬರನ್ನು ಮೂರು ಸಲ ಓಡಾಡಿಸಿದರೆ ಬಸ್ ಚಾರ್ಜಿಗೇ ಅರ್ಧ ಹಣ ಹೋಗಿರುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ಕೆಲವು ಪೋಷಕರು ನನ್ನನ್ನೇ ಕೇಳಿದ್ದರಿಂದ ತಿಳಿದಷ್ಟು ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಮಗುವಿಗೆ ಮನಸ್ಸಿಲ್ಲವೆಂದು ಬಿಟ್ಟರೂ ಉಳಿದ ಫೀಸು ಕೊಡಲೇಬೇಕೆಂದು ಅದರಲ್ಲಿ ನೇರವಾಗಿ ಬರೆದಿಲ್ಲ. ಆದರೆ ಸೇವೆಯಲ್ಲಿ ಕೊರತೆಯಾದಾಗ, ರಸೀದಿಯಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಣ ಹಿಂದಿರುಗಿಸಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಕರೆಯುತ್ತದೆ. ಬಿಲ್ಲು, ರಸೀದಿ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದ ನಷ್ಟಕ್ಕೆ ಮೀರಿದ ದಂಡ ಹಾಕುವ, ಗ್ರಾಹಕರ ಮೇಲೆ ಅಸಮಂಜಸ ಷರತ್ತು ಹೇರುವ ಕರಾರನ್ನು ಅನುಚಿತ ಕರಾರು ಎನ್ನುತ್ತದೆ. ಒಂದು ತಿಂಗಳು ಬಂದ ಮಗುವಿನಿಂದ ಹನ್ನೊಂದು ತಿಂಗಳ ಹಣ ಹಿಡಿಯುವ ‘ವಾಪಸ್ ಇಲ್ಲ’ ಎಂಬ ಸಾಲು ಅನುಚಿತ ಕರಾರಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ತೊಡಕು ಎಲ್ಲಿದೆ ಎಂದರೆ, ಅನುಚಿತ ಕರಾರಿನ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗುತ್ತದೆ. ಮೂರು ಸಾವಿರ ರೂಪಾಯಿಗೆ ಯಾರು ಬೆಂಗಳೂರಿನ ದಾರಿ ಹಿಡಿಯುತ್ತಾರೆ? ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ದೂರನ್ನು ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಬಹುದು. ಆದರೂ ಕುಟ್ಟದಿಂದ ಮಡಿಕೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ವಿಚಾರಣೆಯ ದಿನವೆಲ್ಲ ಹೀಗೆ ಹೋಗಲು ಲೈನ್‌ಮನೆಯ ತಾಯಿಯಿಂದ ಆಗುತ್ತದೆಯೇ? ಆದ್ದರಿಂದ ಈ ವಿಷಯ ಆಯೋಗದ ತನಕ ಹೋಗದೆ ಅರ್ಜಿಯ ಕಾಗದದಲ್ಲೇ ಇತ್ಯರ್ಥವಾಗಬೇಕು.

ಅದಕ್ಕೊಂದು ಮಾದರಿ ಆಗಲೇ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು ಲೆಕ್ಕ ಹಾಕಿ 10 ದಿನದೊಳಗೆ ವಾಪಸ್ ಕೊಡಬೇಕು, ಹಾಸ್ಟೆಲ್ಲಿನಲ್ಲಿದ್ದರೆ ಹಾಸ್ಟೆಲ್, ಊಟದ ಹಣವನ್ನೂ ಕೊಡಬೇಕು ಎಂದು ಅದರಲ್ಲಿದೆ. ನಮ್ಮ ಹತ್ತು ದಿನದ ಗಡುವು ಅಲ್ಲಿಂದ ತೆಗೆದುಕೊಂಡದ್ದೇ. ಆದರೆ ಅದೇ ಮಾರ್ಗಸೂಚಿಯಲ್ಲಿ ಕ್ರೀಡೆ, ನೃತ್ಯ, ರಂಗಕಲೆಗಳನ್ನು ಕೋಚಿಂಗ್ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಕೋಚಿಂಗ್ ಸೆಂಟರಿಗೆ ಹೋಗುವ ವಿದ್ಯಾರ್ಥಿಗೆ ಆ ಮಾರ್ಗಸೂಚಿ ಹೇಳುವ ರಕ್ಷಣೆ ಕರಾಟೆಗೆ, ಈಜಿಗೆ, ಭರತನಾಟ್ಯಕ್ಕೆ ಹೋಗುವ ಮಗುವಿಗೆ ಇಲ್ಲ. ಹಾಕಿಯ ಊರಾದ ಕೊಡಗಿನಲ್ಲಿ ಬೇಸಿಗೆ ಶಿಬಿರಗಳು, ಕ್ರೀಡಾ ತರಬೇತಿಗಳು ಎಷ್ಟು ನಡೆಯುತ್ತವೆ ಎಂದು ಎಲ್ಲರಿಗೂ ಗೊತ್ತು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳು ಈ ಹತ್ತು ದಿನದ ನಿಯಮ ಇರುವ ಒಂದು ಪುಟದ ಮಾದರಿ ಅರ್ಜಿ ಸಿದ್ಧಪಡಿಸಿ, ಸರಕಾರಿ ಮೈದಾನ, ಒಳಾಂಗಣ ಕ್ರೀಡಾಂಗಣ, ಶಾಲೆಯ ಸಭಾಂಗಣ ಬಾಡಿಗೆಗೆ ಕೇಳುವ ಖಾಸಗಿ ತರಬೇತುದಾರರು ಅದನ್ನೇ ಬಳಸಬೇಕೆಂದು ಷರತ್ತು ಹಾಕಲಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಬಾಡಿಗೆಗೆ ಕೊಡುವವರು ಒಂದು ಷರತ್ತು ಸೇರಿಸಿದರಾಯಿತು.

ಇನ್ನೊಂದು ಮಾತನ್ನು ಬಿಟ್ಟರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ಮಗು ತರಗತಿಗೆ ಹೋಗಲು ಹೆದರುತ್ತಿದೆ ಎಂದು ಬಿಡಿಸುವವರೂ ಇರುತ್ತಾರೆ. ಕಲಿಸುವವರು ಹೊಡೆದರು, ಹೀಯಾಳಿಸಿದರು, ಅಥವಾ ಅದಕ್ಕಿಂತ ಕೆಟ್ಟದ್ದೇನೋ ನಡೆಯಿತು ಎಂಬ ಮಾತು ಬಂದಾಗ ಫೀಸು ವಾಪಸ್ ಕೊಟ್ಟು ಬಾಯಿ ಮುಚ್ಚಿಸಬಾರದು. ಹಣ ಬೇಕಾದರೆ ದೂರು ಹಿಂದಕ್ಕೆ ತೆಗೆದುಕೊಳ್ಳಿ, ಯಾರಿಗೂ ಹೇಳುವುದಿಲ್ಲ ಎಂದು ಬರೆದುಕೊಡಿ ಎಂದು ಕೇಳುವ ಹಕ್ಕು ಯಾವ ತರಗತಿಗೂ ಇಲ್ಲ. ಹಣದ ಲೆಕ್ಕ ಅದೇ ದಿನ ಮುಗಿಸಿ. ದೂರಿನ ವಿಚಾರಣೆ ಬೇರೆಯಾಗಿ, ಪೂರ್ತಿಯಾಗಿ ನಡೆಯಲಿ. ಪೋಷಕರಿಗೆ ಹೇಳುತ್ತೇನೆ, ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸ್ ಠಾಣೆ ಇದೆ. ಹಣ ಬಂತೆಂದು ಸುಮ್ಮನಾಗಬೇಡಿ. ನಿಮ್ಮ ಮಗುವಿನ ಜಾಗದಲ್ಲಿ ನಾಳೆ ಇನ್ನೊಂದು ಮಗು ನಿಂತಿರುತ್ತದೆ.

ಪೋಷಕರಲ್ಲಿ ಒಂದೆರಡು ಕೋರಿಕೆಗಳೂ ಇವೆ. ಬಿಡುವುದಾದರೆ ಹೇಳಿ ಬಿಡಿ. ಮಗು ಬರುವುದು ನಿಂತು ಎರಡು ತಿಂಗಳಾದ ಮೇಲೆ ಫೋನು ಮಾಡಿ ಅಂದಿನಿಂದಲೇ ಲೆಕ್ಕ ಹಾಕಿ ಎಂದರೆ ನಮಗೂ ಕಷ್ಟ. ಜ್ವರವೋ, ಪರೀಕ್ಷೆಯೋ, ನೆಂಟರ ಮನೆಯೋ ಎಂದು ನಾವು ಜಾಗ ಇಟ್ಟು ಕಾಯುತ್ತಿರುತ್ತೇವೆ. ಒಂದು ಮೆಸೇಜು ಹಾಕಿದರೂ ಸಾಕು, ಆ ದಿನಾಂಕವೇ ಲೆಕ್ಕಕ್ಕೆ ಆಧಾರ. ಹಣ ಕೊಡುವಾಗ ಕ್ರಮಸಂಖ್ಯೆ, ದಿನಾಂಕ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂದು ಬರೆದ ರಸೀದಿ ಕೇಳಿ ಪಡೆಯಿರಿ. ‘ಬೇಜಾರು ಮಾಡ್ಕೋಬೇಡಿ ಮೇಡಂ, ಒಂದು ವಿಷಯ ಕೇಳ್ಬೇಕಿತ್ತು’ ಎಂದು ಸಂಕೋಚದಿಂದ ಶುರು ಮಾಡುವವರೇ ಹೆಚ್ಚು. ಸಂಕೋಚ ಬೇಡ. ನಿಮ್ಮ ಹಣವನ್ನು ನೀವು ಕೇಳುತ್ತಿದ್ದೀರಿ. ಕೇಳಿದ್ದಕ್ಕೆ ಮಾಸ್ಟರ್ ಮುಖ ಗಂಟಿಕ್ಕಿದರೆ, ನಾಳೆ ತಂಗಿಯನ್ನು ಸೇರಿಸಲು ಆ ತರಗತಿ ಯೋಗ್ಯವೇ ಎಂದು ನೀವೇ ಯೋಚಿಸಿ. ನಮ್ಮಲ್ಲಿ ಬಿಟ್ಟು ಹೋದವರ ತಮ್ಮ ತಂಗಿಯರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಬಂದು ಸೇರುತ್ತಲೇ ಇದ್ದಾರೆ. ಲೆಕ್ಕ ಮುಗಿಸಿ ಚೆನ್ನಾಗಿ ಕಳುಹಿಸಿಕೊಟ್ಟ ಮನೆಯವರೇ ಅವರನ್ನು ಕರೆತಂದವರು.

ಜಿಲ್ಲೆಯ ಕರಾಟೆ, ಟೇಕ್ವಾಂಡೋ, ಕಳರಿ ಕಲಿಸುವವರಲ್ಲಿ ನನ್ನ ವಿನಂತಿ: ಮೇ ತಿಂಗಳಲ್ಲಿ, ಹೊಸ ಪ್ರವೇಶ ಶುರುವಾಗುವ ಮೊದಲು, ಒಂದು ದಿನ ಒಟ್ಟಿಗೆ ಕುಳಿತು ಎಲ್ಲರೂ ಒಂದೇ ನಿಯಮ ಮಾಡಿಕೊಳ್ಳೋಣ. ದರ ಅವರವರದ್ದು ಇರಲಿ. ಕಲಿಸದ ತಿಂಗಳ ಹಣ ಹತ್ತು ದಿನದೊಳಗೆ ವಾಪಸ್ ಎಂಬ ಒಂದು ಸಾಲು ಎಲ್ಲರ ಅರ್ಜಿಯಲ್ಲೂ ಒಂದೇ ಆಗಿರಲಿ. ಮುಂಗಡಕ್ಕೆ ಬೇರೆ ಖಾತೆ ತೆರೆಯುವುದು ಒಂದು ಬೆಳಗ್ಗಿನ ಕೆಲಸ. ಪುಸ್ತಕ ಹೇಗೆ ಬರೆಯುವುದೆಂದು ತೋರಿಸಿಕೊಡಲು ನಾನು ಸಿದ್ಧ. ನಮ್ಮ ಅರ್ಜಿ ಮತ್ತು ವೋಚರಿನ ನಮೂನೆಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಬೇಕೆಂದು ಕೇಳಿಕೊಂಡು ಬಂದವರಿಗೆ ಪತ್ರಿಕಾ ಕಚೇರಿಯವರು ಅದರ ಜೆರಾಕ್ಸ್ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕರಾಟೆ ತರಗತಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ಓದುಗರು
ಗೋಣಿಕೊಪ್ಪಲು, ದಕ್ಷಿಣ ಕೊಡಗು